ಟರ್ನ್‌ಟೇಬಲ್‌ಗೆ ಗ್ರಾನೈಟ್ ಪೀಠ ಮಾಡಿಸೋ ಮುಂಚೆ ಇದನ್ನು ಓದಿ

ರೆಕಾರ್ಡ್ ಹಾಕುವ ಹಳೆಯ ಟರ್ನ್‌ಟೇಬಲ್‌ಗೆ ಗ್ರಾನೈಟ್ ಪೀಠ (ಯಂತ್ರವನ್ನು ಕೂರಿಸುವ ಬುಡ) ಮಾಡಿಸಬೇಕು ಅಂತ ಇದ್ದೀರಾ? ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ತಡೆಯಲಿಲ್ಲ, 9,000 ರೂಪಾಯಿ ಕಳೆದುಕೊಂಡೆ.

ನನ್ನದು ಐಡ್ಲರ್ ಡ್ರೈವ್. ಮೋಟಾರಿಗೂ ರೆಕಾರ್ಡ್ ಕೂರುವ ತಟ್ಟೆಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿಕೊಂಡು ತಿರುಗುತ್ತದೆ. ಮೋಟಾರಿನ ನಡುಕ ಸಲೀಸಾಗಿ ತಟ್ಟೆಗೂ ಪೀಠಕ್ಕೂ ದಾಟುತ್ತದೆ. ಮೊದಲಿದ್ದ ಮರದ ಪೆಟ್ಟಿಗೆ ತೆಳು, ಒಳಗೆಲ್ಲ ಟೊಳ್ಳು. ಹಾಡಿನ ಕೆಳಗೆ ಸದಾ ಗುರ್ ಅನ್ನೋ ಸದ್ದು. "ಭಾರ ಜಾಸ್ತಿ ಆದಷ್ಟೂ ಒಳ್ಳೇದು ಸಾರ್, ಕಲ್ಲು ಹಾಕಿಸಿಬಿಡಿ" ಅಂದರು ರಿಪೇರಿಯವರು. 50 ಸೆಂ.ಮೀ. ಉದ್ದ, 40 ಅಗಲ, 4 ದಪ್ಪದ ಕಪ್ಪು ಕಲ್ಲು ತಂದೆ. ಯಂತ್ರ ಕೂರಿಸಲು ತೂತು ಕೊರೆಯುವ ಮೊದಲು ಸುಮಾರು 21 ಕೆ.ಜಿ.

ಗುರ್ ಸದ್ದೇನೋ ತಗ್ಗಿತು. ಆದರೆ ಅಪ್ಪ ಜೋಪಾನ ಮಾಡಿದ್ದ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ರೆಕಾರ್ಡ್ ಹಾಕಿದೆ. ಆ ದನಿ ಯಾಕೋ ಗಡುಸಾಗಿತ್ತು. ತಬಲಾದ ಪ್ರತಿ ಪೆಟ್ಟಿನ ಹಿಂದೆ ಸಣ್ಣ ಲೋಹದ ಬಾಲ. ತುಂಬಾ ಬೇಜಾರಾಯಿತು. ಯಂತ್ರ ಬಿಚ್ಚಿ ಕಲ್ಲಿಗೆ ಚಮಚದಿಂದ ತಟ್ಟಿದೆ. ಟಣ್ ಅಂತು, ಗಂಟೆಯ ಹಾಗೆ ಎಳೆಯಿತು. ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಸಪ್ತಸ್ವರದ ಕಂಬಗಳೂ ಗ್ರಾನೈಟೇ ಅಲ್ವಾ! ಅಲ್ಲಿ ನಾದ ಬೇಕು, ಇಲ್ಲಿ ಬೇಡ.

ಎಲ್‌ಪಿಯಲ್ಲಿ ಸೂಜಿ ಓಡುವ ಗೀರು ಅಂದಾಜು 0.05 ಮಿ.ಮೀ. ಅಗಲ. ಸೂಜಿಗೆ ಅದರೊಳಗಿನ ಅಲುಗಾಟ ಯಾವುದು, ಕೆಳಗಿನ ಕಲ್ಲಿನದು ಯಾವುದು ಅನ್ನೋದು ಗೊತ್ತಾಗಲ್ಲ. ಎರಡನ್ನೂ ಸ್ಪೀಕರಿಗೆ ಕಳಿಸುತ್ತದೆ. ಕಲ್ಲು ಭಾರ ಇದೆ, ಗಟ್ಟಿ ಇದೆ, ಆದರೆ ನಡುಕವನ್ನು ನುಂಗುವುದಿಲ್ಲ. ಗಾಜಿನ ತಟ್ಟೆಯೂ ಹಾಗೇ, ಅದಕ್ಕೇ ಅದರ ಮೇಲೆ ಫೆಲ್ಟ್ ಹಾಸುತ್ತಾರೆ. ಅಲ್ಯೂಮಿನಿಯಂ ತಟ್ಟೆಗೆ ರಬ್ಬರ್ ಮ್ಯಾಟ್ ಕೊಡುವುದೂ ಇದಕ್ಕೇ.

ಕೊನೆಗೆ ಬಡಗಿಯವರ ಹತ್ತಿರ 18 ಮಿ.ಮೀ. ಪ್ಲೈವುಡ್ಡಿನ ಮೂರು ಹಾಳೆ ಅಂಟಿಸಿ ಪೀಠ ಮಾಡಿಸಿದೆ. ತಟ್ಟಿದರೆ ಡಬ್ ಅಂತ ಅಲ್ಲೇ ಸುಮ್ಮನಾಗುತ್ತದೆ. ಮನ್ಸೂರರು ಮತ್ತೆ ಮನ್ಸೂರರಾದರು.

ನಿಮ್ಮ ಪೀಠ ಹೇಗಿದೆ ನೋಡಬೇಕಾ? ತಿರುಗದೆ ನಿಂತ ರೆಕಾರ್ಡಿನ ಮೇಲೆ ಸೂಜಿ ಇಡಿ, ವಾಲ್ಯೂಮ್ ಕಡಿಮೆ ಇರಲಿ, ಪೀಠವನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಬರೋ ಸದ್ದು ತಕ್ಷಣ ಸಾಯಬೇಕು. ಕಲ್ಲೇ ಬೇಕು ಅನ್ನೋರು ಅಂಗಡಿಯಲ್ಲಿ ಒಂದು ತುಂಡು ಕೇಳಿ, ಮೂಲೆ ಹಿಡಿದು ತಟ್ಟಿ ನೋಡಿ. ತೂತು ಕೊರೆದ ಮೇಲೆ ನನ್ನ ಕಲ್ಲನ್ನು ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ.