ಡಿಡಿ ಫ್ರೀ ಡಿಶ್: ಹಲವು ವರ್ಷಗಳ ಬಳಕೆಯ ನಂತರ

ದೂರದರ್ಶನವನ್ನು ನಡೆಸುವ ಸಾರ್ವಜನಿಕ ಸಂಸ್ಥೆಯಾದ ಪ್ರಸಾರ ಭಾರತಿಯು 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭಿಸಿದ ಈ ಉಚಿತ ಡಿಟಿಎಚ್ (ಉಪಗ್ರಹದಿಂದ ನೇರವಾಗಿ ಮನೆಗೆ ಬರುವ ಟಿವಿ) ಸೇವೆಯನ್ನು ಮಲೆನಾಡಿನ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ಡಿಶ್ ಮತ್ತು ಸೆಟ್ ಟಾಪ್ ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ರೀಚಾರ್ಜ್ ಎಂಬುದೇ ಇಲ್ಲ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರ ವ್ಯವಸ್ಥೆ ಜಾರಿಗೆ ಬಂದಾಗ ಕೇಬಲ್ ಮತ್ತು ಖಾಸಗಿ ಡಿಟಿಎಚ್ ಗ್ರಾಹಕರು ಮೊದಲ ನೂರು ವಾಹಿನಿಗಳ ಸಂಪರ್ಕಕ್ಕೇ ತಿಂಗಳಿಗೆ 130 ರೂಪಾಯಿವರೆಗೆ ಮತ್ತು ಅದರ ಮೇಲೆ ಜಿಎಸ್‌ಟಿ ಕಟ್ಟಬೇಕಾಗಿತ್ತು. ಪೇ ಚಾನೆಲ್‌ಗಳ ದರ ಬೇರೆ. ಬಡ ಕುಟುಂಬಗಳಿಗೆ ಇದು ಸಣ್ಣ ಉಳಿತಾಯವಲ್ಲ.

ಆದರೆ ವೀಕ್ಷಕ ಕೊಡದ ಹಣವನ್ನು ಬೇರೆ ಯಾರೋ ಕೊಡುತ್ತಿದ್ದಾರೆ, ಮತ್ತು ನಮ್ಮ ಪರದೆಯ ಮೇಲೆ ಏನು ಬರಬೇಕೆಂಬುದನ್ನು ಬಹುಮಟ್ಟಿಗೆ ಅವರೇ ನಿರ್ಧರಿಸುತ್ತಾರೆ. ಹಿಂದೆ ಟಿವಿ ಇದ್ದವರು ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದರು. 1976ರಲ್ಲಿ ದೂರದರ್ಶನಕ್ಕೆ ಜಾಹೀರಾತು ಬಂತು, ಎಂಬತ್ತರ ದಶಕದಲ್ಲಿ ಆ ಶುಲ್ಕ ರದ್ದಾಯಿತು. ಈಗ ದೂರದರ್ಶನದ ವಾಹಿನಿಗಳು ಮುಖ್ಯವಾಗಿ ಸರ್ಕಾರದ ಅನುದಾನದಿಂದ ನಡೆಯುತ್ತವೆ. ಖಾಸಗಿ ವಾಹಿನಿಗಳು ಫ್ರೀ ಡಿಶ್‌ನಲ್ಲಿ ಜಾಗ ಪಡೆಯಲು ಇ-ಹರಾಜಿನಲ್ಲಿ ಕೋಟಿಗಳ ಲೆಕ್ಕದಲ್ಲಿ ಬಿಡ್ ಮಾಡಿ, ಆ ಹಣವನ್ನು ಜಾಹೀರಾತಿನಿಂದ ದುಡಿದುಕೊಳ್ಳುತ್ತವೆ. ಲೆಕ್ಕ ತಾಳೆಯಾಗದಿದ್ದರೆ ಅವು ಇರುವುದಿಲ್ಲ. ದೊಡ್ಡ ಪ್ರಸಾರ ಸಂಸ್ಥೆಗಳು 2019ರ ಮಾರ್ಚ್‌ನಲ್ಲಿ ತಮ್ಮ ಹಿಂದಿ ಮನರಂಜನಾ ವಾಹಿನಿಗಳನ್ನು ಇಲ್ಲಿಂದ ಹಿಂತೆಗೆದುಕೊಂಡು, 2020ರಲ್ಲಿ ಮರಳಿ, 2022ರ ಏಪ್ರಿಲ್‌ನಲ್ಲಿ ಮತ್ತೆ ಹೊರನಡೆದದ್ದು ಚಂದಾ ಆದಾಯ ಮತ್ತು ಜಾಹೀರಾತು ಆದಾಯಗಳನ್ನು ತೂಗಿ ನೋಡಿಯೇ.

ಈ ತಕ್ಕಡಿಯಲ್ಲಿ ಕನ್ನಡದ ವೀಕ್ಷಕ ಹಗುರವಾಗುತ್ತಾನೆ. ನಮ್ಮ ಪಟ್ಟಿಯಲ್ಲಿ ಹಿಂದಿ ಸಿನಿಮಾ, ಭೋಜಪುರಿ ಮತ್ತು ಹಿಂದಿ ಸುದ್ದಿ ವಾಹಿನಿಗಳು ಸಾಲುಗಟ್ಟಿವೆ, ಆದರೆ ಕನ್ನಡದ ಪ್ರಮುಖ ಖಾಸಗಿ ಮನರಂಜನಾ ವಾಹಿನಿಗಳನ್ನು ನಾವು ಇದರಲ್ಲಿ ನೋಡಿದ್ದಿಲ್ಲ. ಅವುಗಳಿಗೆ ಚಂದಾ ಹಣ ಮುಖ್ಯ, ಆದ್ದರಿಂದ ಅವುಗಳ ನಿರ್ಧಾರ ಅರ್ಥವಾಗುತ್ತದೆ; ಸಾರ್ವಜನಿಕ ಸಂಸ್ಥೆಯೊಂದು ಭಾಷೆಗಳ ಪಾಲನ್ನು ಹರಾಜಿಗೆ ಬಿಟ್ಟಿರುವುದು ಮಾತ್ರ ನನಗೆ ಒಪ್ಪಿತವಲ್ಲ. ಪ್ರತಿ ರಾಜ್ಯಭಾಷೆಗೂ ಕೆಲವು ಜಾಗಗಳನ್ನು ಕಡಿಮೆ ದರದಲ್ಲಿ ಮೀಸಲಿಡಬೇಕು.

ನಮ್ಮ ಮನೆಯಲ್ಲಿ ಈ ಡಿಶ್ ಇನ್ನೂ ಉಳಿದಿರುವುದು ಡಿಡಿ ಚಂದನದಿಂದಾಗಿ. ಕೃಷಿ ಕಾರ್ಯಕ್ರಮಗಳು, ಅಬ್ಬರವಿಲ್ಲದ ವಾರ್ತೆ, ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುತ್ತ 2002ರಿಂದ ನಡೆದುಬಂದ ‘ಥಟ್ ಅಂತ ಹೇಳಿ’ ಕ್ವಿಜ್, ಇವೆಲ್ಲ ಜಾಹೀರಾತನ್ನೇ ನೆಚ್ಚಿದ ವಾಹಿನಿಯಲ್ಲಿ ಇಷ್ಟು ಕಾಲ ಬಾಳುತ್ತಿದ್ದವೆಂದು ನನಗೆ ಅನ್ನಿಸುವುದಿಲ್ಲ. ತೆರಿಗೆಯ ಹಣಕ್ಕೆ ಇದಕ್ಕಿಂತ ಒಳ್ಳೆಯ ಬಳಕೆ ಟಿವಿಯಲ್ಲಿ ನಾನು ಕಂಡಿಲ್ಲ.

ಮಳೆ ಜೋರಾದಾಗ ಚಿತ್ರ ಒಡೆಯುತ್ತದೆ, ಡಿಶ್‌ನ ಎದುರು ಆಗ್ನೇಯಕ್ಕೆ ಮರ ಬೆಳೆದರೂ ಅದೇ ತೊಂದರೆ. ಹರಾಜಿನ ನಂತರ ಪಟ್ಟಿ ಬದಲಾಗುವುದರಿಂದ ಆಗಾಗ ಚಾನೆಲ್ ಸರ್ಚ್ ಮಾಡಬೇಕು. ಹೊಸದಾಗಿ ಕೊಳ್ಳುವವರು ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನವಾದ ಎಂಪೆಗ್-4ರ ಬಾಕ್ಸ್ ಅನ್ನೇ ಕೇಳಿ ಪಡೆಯಲಿ. ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಕೆಲವು ವಾಹಿನಿಗಳು ಬರುವುದೇ ಇಲ್ಲ.