ಲೋಡ್ ಸೆಲ್ ಮತ್ತು ಎಚ್‌ಎಕ್ಸ್ 711 ಕಿಟ್: ಅಮ್ಮನಿಗೊಂದು ತಕ್ಕಡಿ ಕಟ್ಟಿದ ಮೇಲೆ

ಅಮ್ಮನಿಗೆ ಕಣ್ಣು ಮಂಜಾಗಿದೆ. ಮನೆಯಲ್ಲಿದ್ದ ಡಿಜಿಟಲ್ ತಕ್ಕಡಿಯ ಅಂಕಿ ಅವರಿಗೆ ಕಾಣುತ್ತಿರಲಿಲ್ಲ. ಬಗ್ಗಿ ನೋಡುವಷ್ಟರಲ್ಲಿ ಅದು ತಾನಾಗಿ ಆಫ್ ಆಗುತ್ತಿತ್ತು, ಪಾತ್ರೆಯ ತೂಕ ಕಳೆದು ಸೊನ್ನೆ ಮಾಡಿಟ್ಟದ್ದೂ ಅಲ್ಲಿಗೇ ಮುಗಿಯಿತು. ಅರ್ಧ ಹಿಟ್ಟು ಸುರಿದ ಮೇಲೆ ಹೀಗಾದರೆ ಎಲ್ಲ ಮತ್ತೆ ಮೊದಲಿಂದ. ಇದನ್ನು ನೋಡಿ ನೋಡಿ ಸಾಕಾಗಿ, 5 ಕೆಜಿವರೆಗಿನ ಭಾರವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಲೋಡ್ ಸೆಲ್ ಮತ್ತು ಆ ಸಿಗ್ನಲ್ ಓದುವ ಎಚ್‌ಎಕ್ಸ್ 711 ಬೋರ್ಡ್ ಇರುವ ಕಿಟ್ ತರಿಸಿ ನಾನೇ ಒಂದು ತಕ್ಕಡಿ ಕಟ್ಟಿದೆ. ನಾಲ್ಕು ತಿಂಗಳಿಂದ ದಿನವೂ ಬಳಕೆಯಲ್ಲಿದೆ.

ಲೋಡ್ ಸೆಲ್‌ಗೆ ನನ್ನ ಪೂರ್ತಿ ಅಂಕ. ನೋಡಲು ಬರೀ ಒಂದು ಅಲ್ಯುಮಿನಿಯಂ ಪಟ್ಟಿ, ನಡುವೆ ಕೊರೆದ ತೂತು, ಬಿಳಿ ಅಂಟಿನಡಿ ಅಡಗಿದ ನಾಲ್ಕು ಸ್ಟ್ರೇನ್ ಗೇಜ್. ಭಾರ ಬಿದ್ದಾಗ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಗೇಜ್‌ಗಳ ರೆಸಿಸ್ಟೆನ್ಸ್ ಒಂಚೂರು ಬದಲಾಗುತ್ತದೆ. ಅವನ್ನು ಜೋಡಿಸಿರುವ ರೀತಿಗೆ ವೀಟ್‌ಸ್ಟನ್ ಬ್ರಿಜ್ ಅನ್ನುತ್ತಾರೆ. ಇದನ್ನು ಮೊದಲು, 1833ರಲ್ಲಿ, ವಿವರಿಸಿದ್ದು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ. ಅವರ ಹೆಸರು ಎಲ್ಲೂ ಉಳಿಯಲಿಲ್ಲವಲ್ಲ ಎಂದು ನನಗೆ ಬೇಸರ. 5 ವೋಲ್ಟ್ ಕೊಟ್ಟು 5 ಕೆಜಿ ಇಟ್ಟರೆ ಈ ಬ್ರಿಜ್‌ನಿಂದ ಬರುವುದು ಸುಮಾರು 5 ಮಿಲಿವೋಲ್ಟ್. ಅಂದರೆ ಒಂದು ಗ್ರಾಂಗೆ ಒಂದು ಮೈಕ್ರೋವೋಲ್ಟ್! ಅಷ್ಟು ಸಣ್ಣ ಸಿಗ್ನಲ್ಲನ್ನು 128 ಪಟ್ಟು ಹಿಗ್ಗಿಸಿ 24 ಬಿಟ್ ಸಂಖ್ಯೆಯಾಗಿ, ನಮ್ಮ ಕೋಡ್ ಓಡುವ ಪುಟ್ಟ ಬೋರ್ಡ್ ಆರ್ಡುಯಿನೊಗೆ ಕೊಡುವುದೇ ಎಚ್‌ಎಕ್ಸ್ 711 ಚಿಪ್‌ನ ಕೆಲಸ.

ಚಿಪ್ ಒಳ್ಳೆಯದೇ. ಆದರೆ ನನಗೆ ಬಂದ ಹಸಿರು ಬೋರ್ಡ್ ಎರಡು ಸಂಜೆ ತಿಂದುಹಾಕಿತು. ಖಾಲಿ ತಟ್ಟೆಯ ಮೇಲೂ ತೂಕ ಕುಣಿಯುತ್ತಿತ್ತು. ಕೋಡ್ ಮೂರು ಸಲ ಬರೆದೆ, ಜಂಪರ್ ವೈರ್ ತೆಗೆದು ಬೆಸುಗೆ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಪಿನ್ ನೋಡುತ್ತ ಹೋದರೆ, ಲೋಡ್ ಸೆಲ್‌ನ ನೆಗೆಟಿವ್ ತಂತಿ ಸೇರುವ ಇ ಮೈನಸ್ ಪಿನ್‌ಗೂ ಗ್ರೌಂಡ್‌ಗೂ ಸಂಪರ್ಕವೇ ಇಲ್ಲ! ಬೋರ್ಡ್ ಮಾಡಿದವರು ಆ ಗೆರೆಯನ್ನೇ ಬಿಟ್ಟಿದ್ದಾರೆ. ಎರಡು ಸೆಂಟಿಮೀಟರ್ ತಂತಿ ಬೆಸೆದೆ, ಅಂಕಿ ತಕ್ಷಣ ನಿಂತಿತು. ಕಿಟ್ ಕೈಗೆ ಬಂದ ಕೂಡಲೇ ನೀವು ಮಾಡಬೇಕಾದ ಮೊದಲ ಪರೀಕ್ಷೆ ಇದು.

ಕಿಟ್‌ನ ದೊಡ್ಡ ಕೊರತೆ ಇನ್ನೊಂದಿದೆ: ವಾಷರ್ ಕೊಡುವುದಿಲ್ಲ. ಪಟ್ಟಿಯನ್ನು ಪ್ಲೈವುಡ್‌ಗೆ ನೇರವಾಗಿ ಅಂಟಿದಂತೆ ಬಿಗಿದರೆ ಅದು ಬಾಗುವುದಾದರೂ ಹೇಗೆ? ನಾನು ಮೊದಲು ಹಾಗೇ ಬಿಗಿದು, ಪಾತ್ರೆಯನ್ನು ತಟ್ಟೆಯ ಮೂಲೆಗೆ ಸರಿಸಿದಾಗಲೆಲ್ಲ ಬೇರೆ ತೂಕ ಕಂಡೆ. ಎರಡೂ ತುದಿಗೆ ವಾಷರ್ ಇಟ್ಟು ಮೂರು ಮಿಲಿಮೀಟರ್ ಸಂದು ಬಿಟ್ಟ ಮೇಲೆ ಸರಿಹೋಯಿತು. ಪಟ್ಟಿಯ ತುದಿಯಲ್ಲಿರುವ ಬಾಣದ ಗುರುತು ಭಾರ ಬೀಳುವ ದಿಕ್ಕಿಗಿರಲಿ. ಒಂದು ಕಡೆ ಎಂ4, ಇನ್ನೊಂದು ಕಡೆ ಎಂ5 ಸ್ಕ್ರೂ ಬೇಕು. ಕೋಡ್‌ಗಿಂತ ಈ ಜೋಡಣೆಗೇ ಹೆಚ್ಚು ಸಮಯ ಕೊಡಿ.

ಡಿಸ್‌ಪ್ಲೇಗೆ 14 ಮಿಲಿಮೀಟರ್ ಎತ್ತರದ ನಾಲ್ಕು ಕೆಂಪು ಅಂಕಿಗಳ ಟಿಎಂ 1637 ಹಾಕಿದೆ. ಮೇಲ್ತಟ್ಟೆ ಸ್ಟೀಲಿನದು, ಒರೆಸಲು ಸುಲಭ. ಪವರ್ ಬ್ಯಾಂಕ್ ಬೇಡ. ತಕ್ಕಡಿ ಎಳೆಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ನನ್ನದು ತಾನಾಗಿ ಆಫ್ ಆಯಿತು, ಅಮ್ಮನ ಹಳೆಯ ತೊಂದರೆಯೇ ಮರಳಿ ಬಂತು. ಈಗ ಫೋನ್ ಚಾರ್ಜರ್‌ಗೆ ಸಿಕ್ಕಿಸಿದ್ದೇನೆ.

1 ಕೆಜಿ ಬಟ್ಟು ಎರವಲು ತಂದು ಹೊಂದಿಸಿದೆ. ನಾಲ್ಕು ತಿಂಗಳ ನಂತರ ಅದೇ ಬಟ್ಟು ಇಟ್ಟರೆ 999 ಅಥವಾ 1000 ತೋರಿಸುತ್ತದೆ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ಮಾತ್ರ ನೇರವಾಗಿ ಇಡಬೇಡಿ. ಪಟ್ಟಿ ಕಾದಂತೆ ಸೊನ್ನೆ ಜಾರುತ್ತದೆ.

ಸೊನ್ನೆ ಮಾಡುವ ಗುಂಡಿ ಮೊದಲು ಉಗುರಿನಷ್ಟಿತ್ತು. ಹಿಟ್ಟಿನ ಕೈಯಲ್ಲಿ ಅದನ್ನು ಹೇಗೆ ಒತ್ತಲಿ ಅಂದರು ಅಮ್ಮ. ಅಂಗೈ ಅಗಲದ್ದೊಂದನ್ನು ಹಾಕಿಕೊಟ್ಟೆ, ಈಗ ಮೊಣಕೈಯಲ್ಲೇ ಒತ್ತುತ್ತಾರೆ.