ಬೆಂಗೇರಿ ಖಾದಿ ಬಾವುಟ: ತಗೊಂಡು ಒಂದೂವರೆ ವರ್ಷ ಆದ್ಮೇಲೆ ಬರೀತಿರೋ ರಿವ್ಯೂ

ಫೋನಿಗೆ ರಿವ್ಯೂ ಬರೀತಾರೆ, ಮಿಕ್ಸಿಗೆ ಬರೀತಾರೆ, ಬಾವುಟಕ್ಕೆ ಯಾರೂ ಬರಿಯಲ್ಲ. ಯಾಕಂದ್ರೆ ಅದನ್ನ ಯಾರೂ ನೋಡಿ ತಗೊಳ್ಳೋದೇ ಇಲ್ಲ, ಆಗಸ್ಟ್ 13ಕ್ಕೆ ಸಿಗ್ನಲ್‌ನಲ್ಲಿ ಕಾರ್ ಗ್ಲಾಸ್ ಇಳಿಸಿ ಕೊಟ್ಟಿದ್ದನ್ನ ಈಸ್ಕೊಂಡು ಹೋಗ್ತಿರ್ತಾರೆ. ನಾನೂ ಹಂಗೇ ಇದ್ದೆ.

ನಮ್ಮ ಅಪಾರ್ಟ್‌ಮೆಂಟ್ ಕಮಿಟಿಯಲ್ಲಿ ಸ್ವಾತಂತ್ರ್ಯ ದಿನಾಚರಣೆ ಕೆಲ್ಸ ನನ್ನ ತಲೆಗೆ ಬಿದ್ದಾಗ ಸ್ಟೋರ್ ರೂಮಿಂದ ಹಳೇ ಬಾವುಟ ತೆಗೆದು ನೋಡ್ದೆ. ಯಾವ್ದೋ ಅಂಗಡಿ ಪಾಲಿಸ್ಟರ್ದು. ಚಕ್ರ ಕೋಳಿಮೊಟ್ಟೆ ಥರ ಉದ್ದ ಆಗಿತ್ತು, ಅನುಮಾನ ಬಂದು ಅಲ್ಲೇ ನೆಲದ ಮೇಲೆ ಕೂತು ಅರ, ಅಂದ್ರೆ ಚಕ್ರದ ಕಡ್ಡಿಗಳನ್ನ ಎಣಿಸ್ದೆ, 22 ಇತ್ತು. 24 ಇರ್ಬೇಕು. ಅದಕ್ಕೇ ನಾಕು ವರ್ಷದಿಂದ ಸೆಲ್ಯೂಟ್ ಹೊಡೀತಾ ಬಂದಿದೀವಿ, ಒಬ್ರಿಗೂ ಗೊತ್ತಾಗಿಲ್ಲ, ನನ್ನನ್ನೂ ಸೇರಿಸಿ.

ಗ್ರೂಪಲ್ಲಿ ಹಾಕ್ದೆ, ಈ ಸಲ ಒಂದು ಸರಿಯಾದ ಖಾದಿ ಬಾವುಟ ತರೋಣ, ಹುಬ್ಬಳ್ಳಿಯ ಬೆಂಗೇರಿಯಿಂದ ಅಂತ. ಶುರುವಾಯ್ತು ನೋಡಿ. ಟ್ರೆಷರರ್ ಸಾಹೇಬ್ರು "ಸಾರ್ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ, ಅರ್ಧ ಗಂಟೆ ಕೆಲ್ಸಕ್ಕೆ ಅಷ್ಟು ದುಡ್ಡಾ" ಅಂದ್ರು. ಇನ್ನೊಬ್ರು ಗಾಂಧಿ ಇಮೋಜಿ ಹುಡುಕಿ ಸಿಗ್ದೆ ಕೈ ಮುಗಿಯೋ ಇಮೋಜಿ ಹಾಕಿದ್ರು. ಮೂರನೇ ಬ್ಲಾಕಿನವರೊಬ್ರು ಮಾತ್ರ ಪಾಯಿಂಟ್ ಇಟ್ಟು ಮಾತಾಡಿದ್ರು, ರೂಲ್ಸೇ ಬದ್ಲಾಗಿದ್ಯಲ್ಲ ಅಂತ. ನಿಜಾನೇ. 2002ರ ಧ್ವಜ ಸಂಹಿತೆ ಪ್ರಕಾರ ಬಾವುಟ ಅಂದ್ರೆ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಖಾದಿನೇ ಆಗ್ಬೇಕಿತ್ತು, 2021ರ ಡಿಸೆಂಬರ್ 30ಕ್ಕೆ ಅದಕ್ಕೆ ತಿದ್ದುಪಡಿ ಮಾಡಿ ಮಷೀನಲ್ಲಿ ಮಾಡಿದ್ದೂ ಆಗ್ಬಹುದು ಪಾಲಿಸ್ಟರೂ ಆಗ್ಬಹುದು ಅಂದ್ರು ಸರ್ಕಾರದವ್ರು, ಮುಂದಿನ ಆಗಸ್ಟಲ್ಲಿ ಪೋಸ್ಟ್ ಆಫೀಸಲ್ಲೇ 25 ರೂಪಾಯಿಗೆ ಬಾವುಟ ಸಿಕ್ತು. ನಾನಂದಿದ್ದು ಇಷ್ಟೇ, ಅವ್ರು ಪಾಲಿಸ್ಟರೂ ಆಗುತ್ತೆ ಅಂದಿದಾರೆ, ಖಾದಿ ಬೇಡ ಅಂತ ಎಲ್ಲಿ ಅಂದಿದಾರೆ? ಯಾರೂ ರಿಪ್ಲೈ ಮಾಡ್ಲಿಲ್ಲ. ಕೊನೆಗೆ ನನ್ನ ದುಡ್ಡಲ್ಲೇ ತರ್ತೀನಿ ಬಿಡಿ ಅಂದೆ, ತಕ್ಷಣ ಎಂಟು ಜನ ಥಂಬ್ಸ್ ಅಪ್ ಕೊಟ್ರು.

ನನ್ನ ಹೆಂಡ್ತಿ ತವರು ಹುಬ್ಬಳ್ಳಿ, ಕೇಶ್ವಾಪುರ. ಹಂಗಾಗಿ ಹೋಗಿ ಬರೋದೇನು ಕಷ್ಟ ಆಗ್ಲಿಲ್ಲ. ಮಾವನೋರು ಮಾತ್ರ "ಅಳಿಯಂದ್ರ, ಬೆಂಗಳೂರಾಗ ಬಾವುಟ ಸಿಗಂಗಿಲ್ಲೇನ್ರಿ? ಇದಕ್ಕ ಟ್ರೇನ್ ಹತ್ತಿ ಬಂದೀರಿ?" ಅಂತ ನಕ್ರು, ನಕ್ಕೊಂಡೇ ಸ್ಕೂಟರ್ ತೆಗೆದ್ರು.

ಗೊತ್ತಿಲ್ದೋರಿಗೆ ಹೇಳ್ತೀನಿ. ಬೆಂಗೇರಿಯಲ್ಲಿರೋದು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರಲ್ಲಿ ಶುರುವಾಗಿದ್ದು. 2006ರಲ್ಲಿ ಬಾವುಟಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಸಿಕ್ತು, ಆಮೇಲೆ ಎಷ್ಟೋ ವರ್ಷ ಇಡೀ ದೇಶದಲ್ಲಿ ಆ ಮಾನ್ಯತೆ ಇದ್ದ ಘಟಕ ಇದೊಂದೇ. ಬಟ್ಟೆ ಬರೋದು ಬಾಗಲಕೋಟೆ ಕಡೆ ತುಳಸಿಗೇರಿಯಿಂದ, ನೂಲೋದು ನೇಯೋದು ಅಲ್ಲಿ, ಬಣ್ಣ ಹಾಕಿ ಚಕ್ರ ಪ್ರಿಂಟ್ ಮಾಡಿ ಕತ್ತರಿಸಿ ಹೊಲಿಯೋದು ಬೆಂಗೇರಿಯಲ್ಲಿ. ಕೆಲ್ಸ ಮಾಡೋರು ಬಹುಪಾಲು ಹೆಣ್ಮಕ್ಳು. ಸೈಜು ಒಂಬತ್ತು ಥರ, ಮೇಜಿನ ಮೇಲೆ ಇಡೋ ಆರಿಂಚು ನಾಲ್ಕಿಂಚಿಂದ ಹಿಡಿದು 21 ಅಡಿ 14 ಅಡಿವರೆಗೆ, ಎಲ್ಲಾದಕ್ಕೂ ಉದ್ದ ಅಗಲದ ಲೆಕ್ಕ 3ಕ್ಕೆ 2. ಬಣ್ಣ, ಅಳತೆ, ನೂಲಿನ ಲೆಕ್ಕ, ಹೊಲಿಗೆ ಎಲ್ಲಾದಕ್ಕೂ ಸ್ಟ್ಯಾಂಡರ್ಡ್ ಇದೆ, ನಿಮಗಿಷ್ಟ ಬಂದ ಕೇಸರಿ ಹಾಕೋಂಗಿಲ್ಲ.

ನಾನ್ ತಗೊಂಡಿದ್ದು ಆರಡಿ ನಾಲ್ಕಡಿದು. ರೇಟ್ ಕೇಳಿದ್ರೆ, ಆ ದುಡ್ಡಿಗೆ 25 ರೂಪಾಯಿದು ಒಂದು ಗೋಣಿಚೀಲ ತುಂಬ ಬರುತ್ತೆ ಅಂದ್ಕೊಳ್ಳಿ. ಕೈಗೆ ತಗೊಂಡ ತಕ್ಷಣ ತೂಕ ಗೊತ್ತಾಗುತ್ತೆ. ಪಾಲಿಸ್ಟರ್ ಥರ ಜಾರಲ್ಲ, ಹೊಸ ಪಂಚೆ ಹಿಡ್ಕೊಂಡಂಗಿರುತ್ತೆ. ಕಂಬದ ಕಡೆ ಅಂಚಿಗೆ ಗೋಧಿ ಬಣ್ಣದ ದಪ್ಪ ಖಾದಿ ಪಟ್ಟಿ ಹೊಲಿದಿರ್ತಾರೆ, ಅದರೊಳಗೆ ಹಗ್ಗ, ಹಗ್ಗಕ್ಕೆ ಮರದ ಗುಬುಟು. ನಂಗೆ ತುಂಬ ಇಷ್ಟ ಆಗಿದ್ದು ಚಕ್ರ. ಎರಡೂ ಕಡೆ ಪ್ರಿಂಟ್ ಮಾಡಿರ್ತಾರೆ, ಬೆಳಕಿಗೆ ಹಿಡಿದು ನೋಡಿದ್ರೆ ಆ ಕಡೆ ಅರ ಈ ಕಡೆ ಅರ ಒಂದರ ಮೇಲೊಂದು ಕೂತಿದೆ. ಎಣಿಸಿದೆ. 24. ಮಾವನೋರೂ ಎಣಿಸಿದ್ರು, ಅವ್ರಿಗೆ ಒಂದ್ಸಲ 23 ಬಂತು, ಮತ್ತೆ ಎಣಿಸಿದ್ರು.

ಇನ್ನು ಬಳಕೆ ವಿಷ್ಯ. ಗಾಳಿ ಇಲ್ದಿದ್ರೆ ಇದು ಹಾರಲ್ಲ, ಖಾದಿ ಅಂದ್ಮೇಲೆ ಹಂಗೇ. ಬೆಂಗಳೂರು ಆಗಸ್ಟಿನ ಜಿಟಿಜಿಟಿ ಮಳೇಲಿ ನೆಂದು ಇನ್ನೂ ಭಾರ ಆಗಿ ಕಂಬಕ್ಕೆ ಅಂಟ್ಕೊಂಡು ನಿಂತ್ಬಿಡ್ತು, ಟ್ರೆಷರರ್ ನನ್ನ ಕಡೆ ನೋಡಿದ್ರು, ನಾನು ಆಕಾಶ ನೋಡಿದೆ. ಹತ್ತು ಗಂಟೆಗೆ ಬಿಸಿಲು ಬಂದು ಗಾಳಿ ಬೀಸಿದಾಗ ಬಿಚ್ಕೊಂಡಿತು ನೋಡಿ, ಪಾಲಿಸ್ಟರ್ ಥರ ಪಟಪಟ ಅಂತ ಒದ್ದಾಡಲ್ಲ, ನಿಧಾನಕ್ಕೆ ಅಲೆ ಥರ ಏಳುತ್ತೆ. ಅಷ್ಟೊತ್ತಿಗೆ ಎಲ್ರೂ ಉಪ್ಪಿಟ್ಟು ಕೇಸರಿಬಾತ್ ತಿನ್ನೋಕೆ ಹೋಗಿದ್ರು, ನೋಡಿದ್ದು ನಾನು ಮತ್ತೆ ವಾಚ್‌ಮನ್ ಇಬ್ರೇ. ಒಂದು ಟಿಪ್ಸ್, ಗಂಟಿನೊಳಗೆ ಹೂವಿನ ಎಸಳು ಹಾಕ್ತೀರಲ್ಲ, ಒದ್ದೆ ಗುಲಾಬಿ ಎಸಳು ಹಾಕ್ಬೇಡಿ, ಬಿಳಿ ಪಟ್ಟಿಗೆ ಕಲೆ ಆಗುತ್ತೆ, ಒಣಗಿದ ಸೇವಂತಿಗೆ ಸಾಕು. ನೆಂದಿದ್ರೆ ನೆರಳಲ್ಲಿ ಪೂರ್ತಿ ಒಣಗಿಸಿ ಮಡಚಿ, ಕೇಸರಿ ಹಸಿರು ಎರಡನ್ನೂ ಬಿಳಿ ಕೆಳಗೆ ಮಡಚಿ ಚಕ್ರ ಮೇಲೆ ಬರೋ ಹಂಗೆ. ಒಂದೂವರೆ ವರ್ಷದಲ್ಲಿ ನಾಕು ಸಲ ಹಾರಿಸಿದೀವಿ, ಒಂದು ನೂಲು ಕೂಡ ಬಿಚ್ಚಿಲ್ಲ.

ನಾನೇನು ದೊಡ್ಡ ಆದರ್ಶವಾದಿ ಅಂತಲ್ಲ, ಇದನ್ನ ಟೈಪ್ ಮಾಡ್ತಿರೋವಾಗ ಹಾಕ್ಕೊಂಡಿರೋ ಟೀ ಶರ್ಟ್ ಪಾಲಿಸ್ಟರೇ. ಮನೆಮನೆಗೂ ಮಕ್ಕಳ ಕೈಗೂ ಬಾವುಟ ಸಿಗ್ಬೇಕು ಅಂದ್ರೆ ಅಷ್ಟು ಬೇಗ ಕೈಯಲ್ಲಿ ನೂತು ಕೊಡೋಕಾಗಲ್ಲ ಅನ್ನೋದೂ ನಂಗೆ ಅರ್ಥ ಆಗುತ್ತೆ, 25 ರೂಪಾಯಿ ಬಾವುಟ ಹಿಡ್ಕೊಂಡು ಕುಣಿಯೋ ಮಗು ಹತ್ರ ಹೋಗಿ ಇದು ಖಾದಿನಾ ಅಂತ ಕೇಳೋನಲ್ಲ ನಾನು. ಆದ್ರೆ 16ನೇ ತಾರೀಖು ಬೆಳಿಗ್ಗೆ ಗೇಟ್ ಹತ್ರ ಚರಂಡಿಯಿಂದ ಅವೇ ಬಾವುಟಗಳನ್ನ ನಾನೂ ವಾಚ್‌ಮನ್ನೂ ಹೆಕ್ಕಿದೀವಿ, ಅದನ್ನ ಹೆಕ್ಕಿದೋನಿಗೆ ನೂರು ಮನೆಗೆ ಒಂದೇ ಒಂದು ಒಳ್ಳೆ ಬಾವುಟ ಇರ್ಲಿ ಅನ್ನೋದು ಅಷ್ಟು ದೊಡ್ಡ ಕನಸು ಅಂತ ಅನ್ಸಲ್ಲ. ತಿದ್ದುಪಡಿ ಬಂದಾಗ ವಾಪಸ್ ತಗೊಳ್ಳಿ ಅಂತ ಬೆಂಗೇರಿಯಿಂದ ಕೂಗು ಎದ್ದಿತ್ತು, ಆಮೇಲೆ ಆರ್ಡರೂ ಬಿದ್ದೋಯ್ತು. ಅವ್ರೂ ಪಾಲಿಸ್ಟರ್ ತರಿಸಿ ಹೊಲಿದಿದ್ರೆ ಕೇಳೋರು ಯಾರಿದ್ರು? ಹೊಲೀಲಿಲ್ಲ. ನಮ್ಮ ಟ್ರೆಷರರ್ ಅಲ್ಲಿದ್ದಿದ್ರೆ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ ಅಂತಿದ್ರು.

ತಗೊಳ್ಳೋರು ಆಗಸ್ಟ್ ತನಕ ಕಾಯ್ಬೇಡಿ, ಜೂನಲ್ಲೇ ಹೇಳಿಡಿ. ಖಾದಿ ಅಂತ ಬೋರ್ಡ್ ಹಾಕಿ ಏನೋ ಒಂದು ಕೊಡೋರೂ ಇದಾರೆ, ಐಎಸ್‌ಐ ಮಾರ್ಕ್ ನೋಡಿ ತಗೊಳ್ಳಿ.

ಬಾವುಟ ಈಗ ನಮ್ಮ ಬೀರುವಲ್ಲಿ ಹೆಂಡ್ತಿ ರೇಷ್ಮೆ ಸೀರೆಗಳ ಮೇಲೆ ಇದೆ, ಜಾಗದ ಬಗ್ಗೆ ಅವಳ ತಕರಾರಿದೆ. ಮೊನ್ನೆ ಜನವರಿ ಬಜೆಟ್ ಮೀಟಿಂಗಲ್ಲಿ ಬಾವುಟಕ್ಕೆ ಎಷ್ಟು ಇಡೋಣ ಅಂತ ಯಾರೋ ಕೇಳಿದ್ರು. ಟ್ರೆಷರರ್ ತಲೆ ಎತ್ತದೆ, "ಅದಕ್ಕೇನೂ ಬೇಡ, ಸಾರ್ ಹತ್ರ ಒಂದಿದ್ಯಲ್ಲ, ಇನ್ನೂ ಹತ್ತು ವರ್ಷ ಬರುತ್ತೆ ಅದು" ಅಂತ ಸೊನ್ನೆ ಬರ್ಕೊಂಡ್ರು.